ಅಪ್ಪ-ಅಮ್ಮನ ಕಥೆ, ಮಗನ ಇಂಗ್ಲಿಷಿನಲ್ಲಿ

ಕಂಟ್ರಿ ಸಂಗೀತ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಕೌಬಾಯ್ ಟೋಪಿ, ಪಿಕಪ್ ಟ್ರಕ್, ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಕೇಳಿಬರುವ ರಾಗ ಎಳೆಯುವ ದನಿ. ಅಮೆರಿಕದಲ್ಲಿ ಹತ್ತಿಪ್ಪತ್ತು ವರ್ಷ ಕಳೆದಿದ್ದರೂ ನಮ್ಮಲ್ಲಿ ಬಹಳ ಜನಕ್ಕೆ ಅದು ‘ಅವರ’ ಸಂಗೀತ. ಮಕ್ಕಳು ಕಾರಿನಲ್ಲಿ ಹಾಕಿದರೆ ಸಹಿಸಿಕೊಳ್ಳುತ್ತೇವೆ, ಅಷ್ಟೆ. ನಾನು ಟೆನೆಸ್ಸಿಯಲ್ಲಿ ಇರುವುದರಿಂದ ಸಹಿಸಿಕೊಳ್ಳುವ ಅವಕಾಶ ನನಗೆ ಸ್ವಲ್ಪ ಹೆಚ್ಚೇ ಸಿಕ್ಕಿದೆ.

ಇವತ್ತು ನಿಮಗೆ ಹೇಳಬೇಕೆಂದಿರುವುದು ಅಂಥದೊಂದು ಕಂಟ್ರಿ ತಂಡದ ಎರಡನೇ ಆಲ್ಬಮ್ ಬಗ್ಗೆ. ತಂಡದ ಹೆಸರು ದಿ ಮ್ಯಾವರಿಕ್ಸ್. ಆಲ್ಬಮ್ ‘ಫ್ರಮ್ ಹೆಲ್ ಟು ಪ್ಯಾರಡೈಸ್’, ಅಂದರೆ ನರಕದಿಂದ ಸ್ವರ್ಗಕ್ಕೆ. 1992ರಲ್ಲಿ ಬಂತು. ವಿಮರ್ಶಕರು ಮೆಚ್ಚಿದರು, ರೇಡಿಯೊ ಕೈಬಿಟ್ಟಿತು, ಮಾರಾಟ ಆಗಲಿಲ್ಲ. ಸಂಗೀತದ ಲೋಕದಲ್ಲಿ ಇದೇನು ಹೊಸ ಕಥೆಯಲ್ಲ. ಆದರೆ ಆ ಹೆಸರಿನ ಹಾಡು ಬರೆದು ಹಾಡಿದವರು ರೌಲ್ ಮಾಲೋ. ಕ್ಯೂಬಾ ಬಿಟ್ಟು ಬಂದವರ ಮಗ, ಮಯಾಮಿಯಲ್ಲಿ 1965ರಲ್ಲಿ ಹುಟ್ಟಿದವರು. ತಂದೆತಾಯಿಯ ಪೀಳಿಗೆ ದೇಶ ಬಿಟ್ಟ ಕಥೆಯನ್ನು ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ಅದೂ ಅಮೆರಿಕದ ದಕ್ಷಿಣದವರ ಸಂಗೀತದಲ್ಲಿ. ಎರಡು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದು ಬೇರೆಯದೇ ಕಾರಣಕ್ಕೆ ಮುಖ್ಯ ಅಂತ ನನಗೆ ಅನಿಸಿದೆ.

ಮೊದಲು ತಂಡದ ಬಗ್ಗೆ ಸ್ವಲ್ಪ. ಮ್ಯಾವರಿಕ್ಸ್ ಹುಟ್ಟಿದ್ದು 1989ರಲ್ಲಿ, ಮಯಾಮಿಯಲ್ಲಿ. ಗಾಯನ ಮಾಲೋ ಅವರದು, ಬೇಸ್ ಗಿಟಾರ್ ರಾಬರ್ಟ್ ರೆನಾಲ್ಡ್ಸ್, ಡ್ರಮ್ಸ್ ಪಾಲ್ ಡೀಕಿನ್. ಮಯಾಮಿ ಅಂದರೆ ಸಾಲ್ಸಾ, ಡಿಸ್ಕೊ, ಸಮುದ್ರ ತೀರ. ಕಂಟ್ರಿ ಸಂಗೀತಕ್ಕೆ ಅಲ್ಲಿ ನೆಲೆ ಕಡಿಮೆ. ಕಂಟ್ರಿ ಬಾರುಗಳಿಗೆ ಬೇಕಾಗಿದ್ದು ಜನಕ್ಕೆ ಗೊತ್ತಿರುವ ಹಾಡುಗಳು, ಇವರಿಗೋ ತಾವೇ ಬರೆದದ್ದನ್ನು ಹಾಡುವ ಹಟ. ಹಾಗಾಗಿ ರಾಕ್ ತಂಡಗಳು ನುಡಿಸುವ ಕ್ಲಬ್ಬುಗಳಲ್ಲಿ ಕಂಟ್ರಿ ಹಾಡಿದರು. 1990ರಲ್ಲಿ ಸ್ಥಳೀಯ ಸಣ್ಣ ಕಂಪನಿಯಿಂದ ಮೊದಲ ಆಲ್ಬಮ್ ಬಂತು. ಅದನ್ನು ಕೇಳಿದ ನ್ಯಾಶ್‌ವಿಲ್‌ನ ಎಂಸಿಎ ಕಂಪನಿ ಇವರನ್ನು ಕರೆಸಿಕೊಂಡಿತು. ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್ ಚೆಕ್ ಮುಗಿಯುವಷ್ಟರಲ್ಲೇ ಕಂಪನಿಯವರು ಒಪ್ಪಂದಕ್ಕೆ ಮನಸ್ಸು ಮಾಡಿಬಿಟ್ಟಿದ್ದರು ಎಂದು ಈಗಲೂ ಹೇಳುತ್ತಾರೆ. ಮಾಲೋ ಅವರ ದನಿ ಕೇಳಿದರೆ ಅದು ನಂಬುವಂಥ ಮಾತೇ. ರಾಯ್ ಆರ್ಬಿಸನ್‌ಗೆ ಅವರನ್ನು ಹೋಲಿಸದ ವಿಮರ್ಶಕರೇ ಇಲ್ಲ ಎನ್ನಬಹುದು.

ದೊಡ್ಡ ಕಂಪನಿಯ ಮೊದಲ ಅವಕಾಶದಲ್ಲಿ ಸಾಮಾನ್ಯವಾಗಿ ಯಾರೂ ಅಪಾಯಕ್ಕೆ ಕೈಹಾಕುವುದಿಲ್ಲ. ಇವರು ಹಾಕಿದರು. ಮೊದಲ ಆಲ್ಬಮ್‌ನ ಕೆಲವು ಹಾಡುಗಳನ್ನೂ ಸೇರಿಸಿಕೊಂಡ ಈ ಎರಡನೇ ಆಲ್ಬಮ್‌ನಲ್ಲಿ ಮನೆ ಇಲ್ಲದೆ ಬೀದಿಗೆ ಬಿದ್ದವರಿದ್ದಾರೆ, ದೌರ್ಜನ್ಯಕ್ಕೆ ಸಿಕ್ಕ ಮಕ್ಕಳಿದ್ದಾರೆ, ಭಕ್ತರಿಗೆ ವಂಚಿಸಿದ್ದಕ್ಕೆ 1989ರಲ್ಲಿ ಶಿಕ್ಷೆಯಾದ ಟೀವಿ ಪ್ರಚಾರಕ ಜಿಮ್ ಬಕರ್ ಇದ್ದಾನೆ. ಜೊತೆಗೆ ಹ್ಯಾಂಕ್ ವಿಲಿಯಮ್ಸ್ ಮತ್ತು ಬಕ್ ಓವೆನ್ಸ್ ಅವರ ಹಳೆಯ ಹಾಡುಗಳು. ತಾವು ಈ ಪರಂಪರೆಗೆ ಸೇರಿದವರು ಎಂದು ಗುರುತಿನ ಚೀಟಿ ತೋರಿಸಿದ ಹಾಗೆ. ಇವೆಲ್ಲದರ ಮಧ್ಯೆ ಆಲ್ಬಮ್‌ಗೆ ಹೆಸರು ಕೊಟ್ಟ ಹಾಡು. ಕ್ಯೂಬಾದ ನೆಲ ಬಿಟ್ಟು, ಎಲ್ಲವನ್ನೂ ಹಿಂದೆ ಹಾಕಿ ಮಯಾಮಿಗೆ ಬಂದ ತನ್ನ ಮನೆಯವರ ದಾರಿ ಅದು.

ಈ ಹಾಡಿನಲ್ಲಿ ನನ್ನನ್ನು ಹಿಡಿದದ್ದು ಒಂದು ಅಂಶ. ಮಾಲೋ ಆ ಪ್ರಯಾಣ ಮಾಡಿದವರಲ್ಲ. ಅವರು ಹುಟ್ಟಿದ್ದೇ ಈ ಕಡೆಯ ದಡದಲ್ಲಿ. ಆದರೂ ಹಾಡು ‘ಅವರು ಬಂದರು’ ಎಂದು ದೂರ ನಿಂತು ಹೇಳುವುದಿಲ್ಲ, ‘ನಾನು ಬಂದೆ’ ಎನ್ನುತ್ತದೆ. ಮನೆಯ ಹಿರಿಯರ ನೆನಪನ್ನು 26 ವರ್ಷದ ಮಗ ತನ್ನ ನೆನಪು ಅಂದುಕೊಂಡು ಹಾಡುತ್ತಾನೆ. ಊಟದ ಮೇಜಿನಲ್ಲಿ, ಅಜ್ಜ-ಅಜ್ಜಿಯರ ಬಾಯಲ್ಲಿ, ಫೋನಿನಲ್ಲಿ ಎಷ್ಟು ಸಲ ಕೇಳಿದ್ದರೆ ಒಂದು ಕಥೆ ಹೀಗೆ ಸ್ವಂತದ್ದಾಗುತ್ತದೆ! ಅವರ ಮನೆಯಲ್ಲಿ ಮಾತು ಸ್ಪ್ಯಾನಿಷ್. ಸಂಗೀತ ಮಾತ್ರ ಇಂಥದ್ದೇ ಅಂತ ಇರಲಿಲ್ಲ. ಕ್ಯೂಬಾದ ಹಾಡುಗಳು, ಒಪೆರಾ, ಎಲ್ವಿಸ್, ಹ್ಯಾಂಕ್ ವಿಲಿಯಮ್ಸ್ ಎಲ್ಲ ಒಂದೇ ಮನೆಯಲ್ಲಿ ಕೇಳಿಸುತ್ತಿದ್ದವು ಎಂದು ಅವರು ಸಂದರ್ಶನಗಳಲ್ಲಿ ಹೇಳುತ್ತಿದ್ದರು.

ಇನ್ನು ವಿಮರ್ಶೆಯ ವಿಷಯ. ಪತ್ರಿಕೆಗಳ ಸಂಗೀತ ವಿಮರ್ಶಕರು ಈ ಆಲ್ಬಮ್ ಅನ್ನು ಒಳ್ಳೆಯ ಮಾತುಗಳಿಂದಲೇ ಬರಮಾಡಿಕೊಂಡರು. ಗಾಯಕನ ದನಿಯಂತೂ ಯಾರ ತಕರಾರಿಗೂ ಸಿಗಲಿಲ್ಲ. ನ್ಯಾಶ್‌ವಿಲ್ ಮುಟ್ಟದ ವಿಷಯಗಳನ್ನು ಮುಟ್ಟಿದ್ದು ಅವರಿಗೆ ಹಿಡಿಸಿತು. ನನ್ನನ್ನು ಕೇಳಿದರೆ ಆಲ್ಬಮ್ ಏರುಪೇರಾಗಿಯೇ ಇದೆ. ಕೆಲವು ಹಾಡುಗಳಲ್ಲಿ ಕಾಳಜಿ ಎಷ್ಟು ಜಾಸ್ತಿ ಎಂದರೆ ಭಾಷಣ ಕೇಳಿದ ಹಾಗಾಗುತ್ತದೆ. ಟೀವಿ ಪ್ರಚಾರಕನ ಹಾಡು ಆ ಕಾಲಕ್ಕೆ ಬಿಸಿಯಾಗಿದ್ದಿರಬೇಕು, ಈಗ ತಣ್ಣಗಾಗಿದೆ. ಆದರೆ ಹೆಸರಿನ ಹಾಡು ಇವತ್ತಿಗೂ ಹಳತಾಗಿಲ್ಲ. ಅದರಲ್ಲಿ ಉಪದೇಶ ಇಲ್ಲ, ಮನೆಯ ವಿಷಯ ಇದೆ.

ರೇಡಿಯೊದವರ ಲೆಕ್ಕಾಚಾರ ಬೇರೆ. ಆಗ ಕಂಟ್ರಿ ಹಾಡು ಗೆಲ್ಲುವುದು ಸೋಲುವುದು ಪೂರ್ತಿ ರೇಡಿಯೊ ಕೈಯಲ್ಲಿತ್ತು. ಈ ಆಲ್ಬಮ್‌ನಿಂದ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಗೆ ಬಂದದ್ದು ಒಂದೇ ಹಾಡು. ಅದೂ ಹೆಸರಿನ ಹಾಡಲ್ಲ, ಹ್ಯಾಂಕ್ ವಿಲಿಯಮ್ಸ್ 1951ರಲ್ಲೇ ಹಾಡಿದ್ದ ‘ಹೇ ಗುಡ್ ಲುಕಿನ್’. 75 ಸ್ಥಾನಗಳ ಪಟ್ಟಿಯಲ್ಲಿ ಅದು ಏರಿದ್ದು 74ರ ತನಕ. ಅದೇ ವರ್ಷ ಬಿಲ್ಲಿ ರೇ ಸೈರಸ್ ಹಾಡಿದ ‘ಏಕಿ ಬ್ರೇಕಿ ಹಾರ್ಟ್’ ಮೊದಲ ಸ್ಥಾನಕ್ಕೆ ಹೋಗಿ, ದೇಶವೆಲ್ಲ ಸಾಲುಗಟ್ಟಿ ಕುಣಿಯುತ್ತಿತ್ತು. ಕುಣಿಯುವ ಸಾಲಿನ ಮಧ್ಯೆ ವಲಸೆಯ ಕಥೆ ಹೇಳಲು ಬಂದವನಿಗೆ ಯಾರು ಜಾಗ ಬಿಡುತ್ತಾರೆ?

ಇದನ್ನು ಓದಿ ‘ಕಂಟ್ರಿ ರೇಡಿಯೊದವರಿಗೆ ಸ್ಪ್ಯಾನಿಷ್ ಹೆಸರೇ ಆಗುತ್ತಿರಲಿಲ್ಲ’ ಎಂದು ತೀರ್ಮಾನಿಸಬೇಡಿ. ಟೆಕ್ಸಸ್‌ನ ಫ್ರೆಡ್ಡಿ ಫೆಂಡರ್ ನಡುವೆ ಸ್ಪ್ಯಾನಿಷಿನಲ್ಲಿ ಹಾಡಿದ ಒಂದು ಪ್ರೇಮಗೀತೆ 1975ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಗಿತ್ತು. ಅಂದರೆ ಬೇರೆ ಭಾಷೆಯೇ ಅಡ್ಡಿಯಾಗಿರಲಿಲ್ಲ. ಭಾಷೆಯ ಪರಿಮಳ ಇರಲಿ, ಹೃದಯ ಒಡೆದ ಕಥೆ ಇರಲಿ. ಎಲ್ಲಿಂದ, ಯಾಕೆ ಬಂದಿರಿ ಎಂಬ ಕಥೆ ಬೇಡ. ನನಗೆ ಕಾಣುವ ಗೆರೆ ಇದು. ನಿಮ್ಮ ಆಫೀಸಿನಲ್ಲಿ, ಮಕ್ಕಳ ಶಾಲೆಯಲ್ಲಿ ಈ ಗೆರೆಯನ್ನು ನೀವೂ ನೋಡಿರಬಹುದು. ದೋಸೆಗೆ, ದೀಪಾವಳಿಗೆ ಎಲ್ಲೆಲ್ಲೂ ಸ್ವಾಗತ ಇದೆ. ಅದಕ್ಕಿಂತ ಒಂದು ಹೆಜ್ಜೆ ಒಳಗಿನ ಮಾತು ಬಂದರೆ ಕೇಳುವವರು ಮೊಬೈಲ್ ನೋಡಿಕೊಳ್ಳುತ್ತಾರೆ.

ತಂಡ ಪಾಠ ಕಲಿತಿತು. 1994ರ ಮೂರನೇ ಆಲ್ಬಮ್ ‘ವಾಟ್ ಎ ಕ್ರೈಯಿಂಗ್ ಶೇಮ್’ ತುಂಬ ಪ್ರೀತಿ, ವಿರಹ. ಹೊಸ ನಿರ್ಮಾಪಕ ಡಾನ್ ಕುಕ್, ಹಾಡು ಬರೆಯಲು ಜೊತೆಗೆ ಕೋಸ್ಟಾಸ್. ಈ ಕೋಸ್ಟಾಸ್ ಗ್ರೀಸ್‌ನಲ್ಲಿ ಹುಟ್ಟಿ ಮೊಂಟಾನಾದಲ್ಲಿ ಬೆಳೆದವರು. ನ್ಯಾಶ್‌ವಿಲ್‌ನ ‘ಅಪ್ಪಟ’ ಹಾಡುಗಳನ್ನು ಎಷ್ಟೆಷ್ಟು ದೂರದಿಂದ ಬಂದವರು ಬರೆದಿದ್ದಾರೆ ನೋಡಿ. ಆ ಆಲ್ಬಮ್ ಹತ್ತು ಲಕ್ಷ ದಾಟಿತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ 1995 ಮತ್ತು 1996ರಲ್ಲಿ ಇವರಿಗೆ ವರ್ಷದ ಗಾಯನ ತಂಡ ಪ್ರಶಸ್ತಿ ಕೊಟ್ಟಿತು, ಗ್ರ್ಯಾಮಿಯೂ ಬಂತು. ಎರಡನೇ ಆಲ್ಬಮ್ ಬಗ್ಗೆ ಬರೆಯುವವರು ಈಗ ಅದನ್ನು ‘ಗೆಲ್ಲುವುದಕ್ಕೆ ಮುಂಚಿನ ಪ್ರಯತ್ನ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ದುಡ್ಡಿನ ಲೆಕ್ಕದಲ್ಲಿ ಅವರು ಹೇಳುವುದು ಸರಿ.

ಈಗ ಆ ಆಲ್ಬಮ್ ಹುಟ್ಟಿದ ಊರಿನ ಭಾಷೆಯ ಕಥೆಯನ್ನೂ ನೋಡಬೇಕು. ಕ್ಯೂಬಾದಲ್ಲಿ 1959ರಲ್ಲಿ ಕ್ರಾಂತಿ ನಡೆದ ಮೇಲೆ ಮಯಾಮಿಗೆ ಬಂದ ಕುಟುಂಬಗಳು ಪೆಟ್ಟಿಗೆ ಪೂರ್ತಿ ಬಿಚ್ಚಿಯೇ ಇರಲಿಲ್ಲ. ಇನ್ನೇನು ಆರು ತಿಂಗಳು, ಒಂದು ವರ್ಷ; ಸರ್ಕಾರ ಬಿದ್ದರೆ ವಾಪಸ್. ‘ಇನ್ನೆರಡು ವರ್ಷ ಇದ್ದು ಬೆಂಗಳೂರಿಗೆ ಹೋಗಿಬಿಡೋಣ’ ಎನ್ನುವ ನಮ್ಮ ಮಾತು ನೆನಪಾದರೆ ನಗಬೇಡಿ. ವಾಪಸ್ ಹೋಗುವ ಮಕ್ಕಳಿಗೆ ಸ್ಪ್ಯಾನಿಷ್ ಬರಲೇಬೇಕಲ್ಲ. 1963ರಲ್ಲಿ ಮಯಾಮಿಯ ಕೋರಲ್ ವೇ ಎಂಬ ಸರ್ಕಾರಿ ಪ್ರಾಥಮಿಕ ಶಾಲೆ ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಸ್ಪ್ಯಾನಿಷ್ ಪಾಠ ಶುರು ಮಾಡಿತು. ಕ್ಯೂಬಾದ ಮಕ್ಕಳ ಜೊತೆಗೆ ಇಂಗ್ಲಿಷ್ ಮನೆಯ ಮಕ್ಕಳೂ ಎರಡು ಭಾಷೆ ಕಲಿತರು. ಈ ದೇಶದಲ್ಲಿ ಇವತ್ತು ನಡೆಯುವ ದ್ವಿಭಾಷಾ ಶಾಲೆಗಳೆಲ್ಲ ಅದನ್ನು ಹಿರಿಯಕ್ಕನ ಹಾಗೆ ನೋಡುತ್ತವೆ. 1973ರಲ್ಲಿ ಮಯಾಮಿ ಇರುವ ಡೇಡ್ ಕೌಂಟಿ ತನ್ನನ್ನು ದ್ವಿಭಾಷಾ ಕೌಂಟಿ ಎಂದು ಘೋಷಿಸಿಕೊಂಡಿತು.

ಆಮೇಲೆ ಗಾಳಿ ತಿರುಗಿತು. 1980ರ ಬೇಸಿಗೆಯಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಬಂದಿಳಿದರು. ಅದೇ ನವೆಂಬರಿನಲ್ಲಿ ಕೌಂಟಿಯ ಮತದಾರರು ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಸರ್ಕಾರದ ಹಣ ಬಳಸಬಾರದು ಎಂಬ ನಿಯಮಕ್ಕೆ ಮತ ಹಾಕಿದರು. ಆಗ ಮಾಲೋ ಅವರಿಗೆ 15 ವರ್ಷ. ಆ ನಿಯಮ ಹೋದದ್ದು 1993ರಲ್ಲಿ. ಅಂದರೆ ‘ಫ್ರಮ್ ಹೆಲ್ ಟು ಪ್ಯಾರಡೈಸ್’ ಅಂಗಡಿಗೆ ಬಂದಾಗ, ಸ್ವಲ್ಪ ಸಡಿಲವಾಗಿದ್ದರೂ, ಅದು ಇನ್ನೂ ಜಾರಿಯಲ್ಲಿತ್ತು. ಇಷ್ಟು ಗೊತ್ತಿದ್ದು ಕೇಳಿದರೆ ಆ ಶೀರ್ಷಿಕೆಯ ‘ಸ್ವರ್ಗ’ ಎಂಬ ಮಾತು ಅಷ್ಟು ಸರಳವಾಗಿ ಕಿವಿಗೆ ಬೀಳುವುದಿಲ್ಲ.

ಅದೇ 1992ರಲ್ಲಿ ಇನ್ನೊಂದು ಕೆಲಸವೂ ಶುರುವಾಯಿತು. ಅಲೆಹಾಂದ್ರೊ ಪೋರ್ಟೆಸ್ ಮತ್ತು ರೂಬೆನ್ ರುಂಬೌಟ್ ಎಂಬ ಸಮಾಜಶಾಸ್ತ್ರಜ್ಞರು, ಇಬ್ಬರೂ ಕ್ಯೂಬಾದಲ್ಲೇ ಹುಟ್ಟಿದವರು, ಮಯಾಮಿ ಸುತ್ತಮುತ್ತ ಮತ್ತು ಸ್ಯಾನ್ ಡಿಯಾಗೊದಲ್ಲಿ ವಲಸಿಗರ 5,000ಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿ, ಮುಂದಿನ ಹತ್ತು ವರ್ಷ ಮತ್ತೆ ಮತ್ತೆ ವಿಚಾರಿಸಿದರು. ಎಂಟು, ಒಂಬತ್ತನೇ ತರಗತಿಯ ಮಕ್ಕಳು. ಬಹುಪಾಲು ಮಕ್ಕಳು ಆಗಲೇ ಇಂಗ್ಲಿಷೇ ಇಷ್ಟ ಎಂದರು. ಅಂಗಡಿ, ಬ್ಯಾಂಕು, ಟೀವಿ ಎಲ್ಲ ಸ್ಪ್ಯಾನಿಷಿನಲ್ಲಿ ಸಿಗುವ ಮಯಾಮಿಯ ಕ್ಯೂಬನ್ ಮಕ್ಕಳೂ ಹಾಗೇ ಎಂದರು. ವರ್ಷ ಕಳೆದಂತೆ ಆ ಒಲವು ಗಟ್ಟಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಜೊತೆಗೆ ಇನ್ನೊಂದು ಸಂಗತಿಯೂ ಕಂಡಿತು: ಎರಡೂ ಭಾಷೆ ಚೆನ್ನಾಗಿ ಬರುವ ಮಕ್ಕಳಿಗೆ ತಂದೆತಾಯಿಯ ಜೊತೆ ಜಗಳ ಕಡಿಮೆ, ತಮ್ಮ ಬಗ್ಗೆ ನಂಬಿಕೆ ಜಾಸ್ತಿ.

ನನ್ನ ದಿನದ ಕೆಲಸ ಪ್ರಯೋಗಾಲಯದಲ್ಲಿ. ಹಾಗಾಗಿ ಇಲ್ಲಿ ಒಂದು ಎಚ್ಚರಿಕೆ ಹೇಳದೆ ಇರಲಾರೆ. ಎರಡು ಭಾಷೆ ಬಂದದ್ದರಿಂದ ಮನೆ ನೆಮ್ಮದಿಯಾಯಿತೋ, ನೆಮ್ಮದಿಯ ಮನೆಯಲ್ಲಿ ಮಾತುಕತೆ ಜಾಸ್ತಿಯಾಗಿ ಎರಡು ಭಾಷೆ ಉಳಿಯಿತೋ, ಬರೀ ಸಮೀಕ್ಷೆಯಿಂದ ಬಿಡಿಸಿ ಹೇಳುವುದು ಕಷ್ಟ. ಎರಡೂ ಸ್ವಲ್ಪ ಸ್ವಲ್ಪ ನಿಜ ಇರಬೇಕು. ಮಕ್ಕಳ ಒಲವು ಮಾತ್ರ ಸ್ಪಷ್ಟ. ಮಯಾಮಿಯಂಥ ಮಯಾಮಿಯಲ್ಲೇ ಮಕ್ಕಳು ಇಂಗ್ಲಿಷ್ ಕಡೆ ವಾಲಿದರೆ, ವಾರಕ್ಕೊಂದು ದಿನ ಕನ್ನಡ ಶಾಲೆ, ತಿಂಗಳಿಗೊಂದು ಕನ್ನಡ ಕೂಟ ಇರುವ ನಮ್ಮ ಮಕ್ಕಳು ವಾಲದೆ ಇರುತ್ತಾರೆಯೇ? ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು ಅಂತ ರಾತ್ರಿ ನಿದ್ದೆಗೆಡುವ ಅಮ್ಮಂದಿರಿಗೆ ನಾನು ಇದನ್ನು ಸಮಾಧಾನ ಅಂತಲೇ ಹೇಳುತ್ತೇನೆ. ತಪ್ಪು ನಿಮ್ಮದಲ್ಲ. ಹೊಳೆ ಹರಿಯುವ ದಿಕ್ಕೇ ಅದು.

ಹಾಗಾದರೆ ಮನೆಯಲ್ಲಿ ಕನ್ನಡ ಯಾಕೆ ಎಂದು ನೀವು ಕೇಳಬಹುದು. ಮಾಲೋ ಅವರ ಎರಡನೇ ಆಲ್ಬಮ್ ನನಗೆ ತೋರಿಸಿದ ಉತ್ತರ ಇದು: ಮಗು ಹೇಳುವ ಭಾಷೆ ಯಾವುದೇ ಇರಲಿ, ಹೇಳುವುದಕ್ಕೆ ಏನಾದರೂ ಇರಬೇಕು. ಆ ‘ಏನಾದರೂ’ ಮನೆಯ ಭಾಷೆಯಲ್ಲೇ ಬಂದಿರುತ್ತದೆ. ಮಾಲೋ ಬರೆದದ್ದು ಇಂಗ್ಲಿಷಿನಲ್ಲಿ, ಆದರೆ ಆ ಕಥೆ ಅವರ ಮನೆಯಲ್ಲಿ ಇಂಗ್ಲಿಷಿನಲ್ಲಿ ನಡೆದಿರಲಿಲ್ಲ.

ನಮ್ಮ ಮನೆಯ ಏಳು ವರ್ಷದವಳು ಕಳೆದ ವರ್ಷ ತರಗತಿಯಲ್ಲಿ ‘ನನ್ನ ಅಜ್ಜಿಯ ಮನೆ’ ಎಂದು ಐದು ನಿಮಿಷ ಮಾತಾಡಿದಳು. ಪೂರ್ತಿ ಇಂಗ್ಲಿಷ್, ಅದೂ ಟೆನೆಸ್ಸಿಯ ಇಂಗ್ಲಿಷ್. ಅಜ್ಜಿಯ ಬಚ್ಚಲಿನ ಬಗ್ಗೆ ಹೇಳುವಾಗ ಮಾತ್ರ ‘ಹಂಡೆ’ ಎಂದೇ ಹೇಳಿದಳಂತೆ. ಒಲೆ, ಸೌದೆ, ಹೊಗೆ ಎಲ್ಲಕ್ಕೂ ಇಂಗ್ಲಿಷ್ ಇತ್ತು, ಹಂಡೆಗೆ ಇರಲಿಲ್ಲ. ಟೀಚರು ಹಲಗೆಯ ಮೇಲೆ ಆ ಶಬ್ದ ಬರೆಸಿದರಂತೆ. ರಾಜ್ಯೋತ್ಸವದ ವೇದಿಕೆಯಲ್ಲಿ ಅವಳು ಬಾಯಿಪಾಠ ಮಾಡಿ ಒಪ್ಪಿಸಿದ ಎಂಟು ಸಾಲಿನ ಕನ್ನಡ ಪದ್ಯಕ್ಕಿಂತ ಈ ಹಂಡೆಯ ಮೇಲೆ ನನಗೆ ಭರವಸೆ ಜಾಸ್ತಿ. ಪದ್ಯ ಬೇಡ ಅಂತಲ್ಲ. ಪದ್ಯ ನಮಗಾಗಿ ಹೇಳಿದ್ದು, ಹಂಡೆ ಅವಳು ತನಗಾಗಿ ಇಟ್ಟುಕೊಂಡದ್ದು.

ಹೋಲಿಕೆಯನ್ನು ತೀರಾ ಎಳೆಯಬಾರದು. ಕ್ಯೂಬಾದಿಂದ ಬಂದವರು ವಾಪಸ್ ಹೋಗಲಾಗದೆ ಉಳಿದವರು. ನಾವು ವೀಸಾ ಹಾಕಿಸಿಕೊಂಡು, 23 ಕೆಜಿಯ ಎರಡು ಸೂಟ್‌ಕೇಸ್ ತೂಕ ಮಾಡಿಸಿಕೊಂಡು ಬಂದವರು, ಎರಡು ವರ್ಷಕ್ಕೊಮ್ಮೆ ಹೋಗಿ ಬರುವವರು. ನಮ್ಮ ಕಥೆಯಲ್ಲಿ ನರಕವೂ ಇಲ್ಲ, ಸ್ವರ್ಗವೂ ಇಲ್ಲ. ಅಪ್ಪನ ಕೊನೆಯ ಆಸ್ಪತ್ರೆಯ ದಿನಗಳಿಗೆ ತಲುಪಲಾಗದ ಒಂದು ವಿಮಾನ, ಮಾರಿದ ಒಂದು ತೋಟ, ವೀಡಿಯೊ ಕರೆಯಲ್ಲಿ ಆದ ನಾಮಕರಣ, ಇಂಥವು ಇವೆ. ಇವನ್ನು ನಾವು ಮಕ್ಕಳಿಗೆ ಹೇಳುತ್ತೇವೆಯೇ? ‘ಚಂದಮಾಮ ಬಾ’ ಹೇಳಿಕೊಡುತ್ತೇವೆ, ಕಾಗುಣಿತ ತಿದ್ದಿಸುತ್ತೇವೆ, ತೋಟ ಮಾರಿದ ಕಥೆಯನ್ನು ಮಕ್ಕಳು ಮಲಗಿದ ಮೇಲೆ ಮಾತಾಡಿಕೊಳ್ಳುತ್ತೇವೆ. ಈ ವಾರ ಒಂದು ಸಲ ಅವರು ಎಚ್ಚರ ಇರುವಾಗಲೇ ಮಾತಾಡಿ ನೋಡಿ. ಮಧ್ಯೆ ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ಭಾಷೆ ತಿದ್ದಲು ಹೋಗದೆ ಉತ್ತರ ಕೊಡಿ.

ಇನ್ನು ಉಳಿದದ್ದು ಸ್ಪ್ಯಾನಿಷ್ ಕಥೆ. 1992ರಲ್ಲಿ ಇಂಗ್ಲಿಷಿನಲ್ಲಿ ಬರೆದ ಮಾಲೋ ಮುಂದೆ ನಿಧಾನಕ್ಕೆ ಮನೆಮಾತಿನ ಕಡೆ ಬಂದರು. 2001ರ ಅವರ ಸ್ವಂತ ಆಲ್ಬಮ್ ‘ಟುಡೇ’ಯಲ್ಲಿ ಸ್ಪ್ಯಾನಿಷ್ ಹಾಡುಗಳು ಕಾಣಿಸಿಕೊಂಡವು. ಒಡೆದಿದ್ದ ಮ್ಯಾವರಿಕ್ಸ್ ಮತ್ತೆ ಸೇರಿ 2013ರಲ್ಲಿ ತಂದ ‘ಇನ್ ಟೈಮ್’ನಲ್ಲಿ ಒಂದೇ ಹಾಡು ಎರಡು ಭಾಷೆಗಳಲ್ಲಿ ಎರಡು ಸಲ ಬರುತ್ತದೆ. ಕೊನೆಗೆ 2020ರಲ್ಲಿ ‘ಎನ್ ಎಸ್ಪಾನ್ಯೋಲ್’, ತಂಡದ ಮೊದಲ ಪೂರ್ತಿ ಸ್ಪ್ಯಾನಿಷ್ ಆಲ್ಬಮ್. ಚಿಕ್ಕಂದಿನಲ್ಲಿ ಮನೆಯಲ್ಲಿ ಕೇಳಿದಂಥ ಹಳೆಯ ಹಾಡುಗಳು, ಜೊತೆಗೆ ಹೊಸದಾಗಿ ಬರೆದವು. ಎರಡನೇ ಆಲ್ಬಮ್‌ನಿಂದ ಅಲ್ಲಿಗೆ 28 ವರ್ಷ. ಈ ಸಲ ವಿಮರ್ಶಕರೂ ಮೆಚ್ಚಿದರು, ಕೇಳುವವರೂ ಸಿಕ್ಕರು. ಹೀಗೇ ನಿಮ್ಮ ಮಕ್ಕಳೂ ಐವತ್ತೈದಕ್ಕೆ ಕನ್ನಡಕ್ಕೆ ಮರಳುತ್ತಾರೆ ಎಂದು ಒಬ್ಬ ಗಾಯಕನ ಉದಾಹರಣೆ ಇಟ್ಟುಕೊಂಡು ನಾನು ಹೇಳಲಾರೆ. ಆದರೆ ಕಿವಿಯಲ್ಲಿ ಇಲ್ಲದ ಹಾಡಿಗೆ ಯಾರೂ ಮರಳಲಾರರು. ಮಾಲೋ 2025ರ ಡಿಸೆಂಬರಿನಲ್ಲಿ, 60ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಕೇಳಬೇಕೆನಿಸಿದರೆ ‘ಎನ್ ಎಸ್ಪಾನ್ಯೋಲ್’ನಿಂದ ಶುರು ಮಾಡಿ, ಭಾಷೆ ಬಾರದಿದ್ದರೂ ಸಣ್ಣ ಮಕ್ಕಳು ಕುಣಿಯುತ್ತಾರೆ. ಅದಾದ ಮೇಲೆ ಎರಡನೇ ಆಲ್ಬಮ್‌ನ ಹೆಸರಿನ ಹಾಡು. ಉಳಿದವುಗಳಲ್ಲಿ ಕೆಲವಕ್ಕೆ ವಿಷಯ ಭಾರ, ಹತ್ತು ದಾಟಿದ ಮಕ್ಕಳಿಗೆ ಇರಲಿ. ಅದೇ ಕಾರಿನ ಪಟ್ಟಿಯಲ್ಲಿ ರಾಜ್‌ಕುಮಾರ್ ಅವರ ಒಂದೆರಡು ಹಾಡು, ನಿಮ್ಮ ಅಮ್ಮ ಹೇಳುವ ದೇವರನಾಮವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದು, ಇವನ್ನೂ ಸೇರಿಸಿ. ರೆಕಾರ್ಡಿನಲ್ಲಿ ಕುಕ್ಕರ್ ಕೂಗಿದ್ದರೆ ಅಳಿಸಬೇಡಿ.